ಬಂಗಾರಪ್ಪನ ಬೋಲ್ಟು, ಹಾಲಮ್ಮನ ಕೈ

ನಿಜಲಿಂಗಪ್ಪ ಬಡಾವಣೆಯ ಹಿಂದಿನ ಸಾಲಿನಲ್ಲಿ, ಹೊಲಿಗೆಯ ನೂರ್ಜಹಾನ್ ಮನೆಗೆ ಗೋಡೆ ಅಂಟಿಸಿಕೊಂಡಿರುವ ಮನೆ ಹಾಲಮ್ಮನದು. ಹಾಗೆಂದರೂ ಕರೆಂಟಿನ ಬಿಲ್ಲು, ನೀರಿನ ಬಿಲ್ಲು, ಬಾಗಿಲ ಮೇಲಿನ ಹೆಸರು ಎಲ್ಲವೂ ಗಂಡ ಬಂಗಾರಪ್ಪನವು. ಹಾಲಮ್ಮನದು ಅಂತ ಆ ಮನೆಯಲ್ಲಿ ಇದ್ದದ್ದು ತಪ್ಪುಗಳು. ಹಾಲು ಉಕ್ಕಿದರೆ ಹಾಲಮ್ಮನ ತಪ್ಪು. ಹಾಲು ಒಡೆದರೆ, ಅದು ಹಾಲಿನವನ ಕ್ಯಾನಿನಲ್ಲೇ ಒಡೆದು ಬಂದಿದ್ದರೂ, ತಕ್ಷಣ ಕಾಯಿಸದ ಹಾಲಮ್ಮನ ತಪ್ಪು. ಬಂಗಾರಪ್ಪ ಕನ್ನಡಕವನ್ನು ಹಣೆಗೆ ಏರಿಸಿಕೊಂಡು ಮನೆಯೆಲ್ಲ ಹುಡುಕಾಡಿದರೆ, ಇಟ್ಟ ವಸ್ತುವನ್ನು ಇಟ್ಟಲ್ಲಿ ಇರಗೊಡದ ಹಾಲಮ್ಮನ ತಪ್ಪು. ಮಾಳಿಗೆಯ ಮೇಲೆ ಒಣಹಾಕಿದ ಸಂಡಿಗೆ ಮಳೆಗೆ ನೆನೆದರೆ ಮೋಡಕ್ಕೆ ಯಾರೂ ಬೈಯುತ್ತಿರಲಿಲ್ಲ.

ಅವಳಿಗೂ ಅದು ರೂಢಿಯಾಗಿಹೋಗಿತ್ತು. ತಪ್ಪು ಅಂದರೆ ಎಂಜಲು ತಟ್ಟೆಯ ಹಾಗೆ. ಉಂಡವರು ಯಾರೇ ಆಗಲಿ, ತೊಳೆದಿಡುವವಳು ತಾನು. ತಪ್ಪನ್ನೂ ಪಾಲು ಮಾಡಬಹುದು, ಇಷ್ಟು ಅವರದು ಇಷ್ಟು ಇವರದು ಎಂದು ಹಂಚಬಹುದು ಎಂಬ ಸಂಗತಿ ಅವಳಿಗೆ ತಿಳಿದದ್ದು ಮೊಮ್ಮಕ್ಕಳಾದ ಮೇಲೆ, ಅಡುಗೆಮನೆಯಲ್ಲಿ ಕುಕ್ಕರು ಸಿಡಿದ ಮೇಲೆ.

ಬಂಗಾರಪ್ಪ ಹರಿಹರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದು ನಿವೃತ್ತನಾದವನು. ಅವನ ಪಾಲಿಗೆ ಲೋಕದ ಯಂತ್ರಗಳಲ್ಲಿ ಎರಡೇ ಜಾತಿ: ತಾನು ಬಿಚ್ಚಿದ್ದು, ತಾನು ಇನ್ನೂ ಬಿಚ್ಚದ್ದು. ಅವನು ಬಿಚ್ಚಿ ಜೋಡಿಸಿದ ಮಿಕ್ಸಿ, ಜಾರನ್ನು ಅಂಗೈಯಿಂದ ಒತ್ತಿ ಹಿಡಿದರೆ ಮಾತ್ರ ತಿರುಗುತ್ತಿತ್ತು. ಫ್ಯಾನು ತಿರುಗಿದರೆ ಬಿರುಗಾಳಿ, ಇಲ್ಲದಿದ್ದರೆ ಇಲ್ಲ. ಗ್ಯಾಸ್ ಒಲೆಯ ಒಂದು ಗುಂಡಿಯನ್ನು ಎಡಕ್ಕೆ ತಿರುಗಿಸಬೇಕು, ಇನ್ನೊಂದನ್ನು ಬಲಕ್ಕೆ. ಇವೆಲ್ಲವನ್ನೂ ನೆನಪಿಟ್ಟುಕೊಂಡು, ಒತ್ತಬೇಕಾದ್ದನ್ನು ಒತ್ತಿ, ಹಿಡಿಯಬೇಕಾದ್ದನ್ನು ಹಿಡಿದು ಮನೆ ನಡೆಸುವುದು ಹಾಲಮ್ಮನ ಕೆಲಸ. ಆ ಕೆಲಸಕ್ಕೆ ಹೆಸರಿರಲಿಲ್ಲ. ಬಂಗಾರಪ್ಪ ಮಾಡಿದ್ದಕ್ಕೆ ಮಾತ್ರ ರಿಪೇರಿ ಎಂಬ ಹೆಸರಿತ್ತು.

ಕುಕ್ಕರು ದೊಡ್ಡದು. ಅದನ್ನು ತಂದದ್ದೇ ಅಮಾವಾಸ್ಯೆಗೆಂದು. ಬಂಗಾರಪ್ಪನ ಜೊತೆ ನಿವೃತ್ತರಾದ ಹಳೆಯ ಕೆಲಸಗಾರರು ಪ್ರತಿ ಅಮಾವಾಸ್ಯೆ ಟೆಂಪೊ ಮಾಡಿಕೊಂಡು ಉಕ್ಕಡಗಾತ್ರಿಗೆ ಹೋಗುತ್ತಾರೆ. ಹೊಳೆಯಲ್ಲಿ ಮಿಂದು, ಅಜ್ಜಯ್ಯನ ಗದ್ದುಗೆಯ ದರ್ಶನ ಮಾಡಿ, ಹಸಿದ ಹೊಟ್ಟೆಯಲ್ಲಿ ದಾವಣಗೆರೆಗೆ ಬಂದು ಬಂಗಾರಪ್ಪನ ಮನೆಯಲ್ಲಿ ಉಣ್ಣುತ್ತಾರೆ. ದರ್ಶನ ಅಜ್ಜಯ್ಯನದು, ಪುಣ್ಯ ಅವರದು, ಹುರುಳಿಕಟ್ಟಿನ ಸಾರು ಮತ್ತು ರೊಟ್ಟಿ ಹಾಲಮ್ಮನವು.

ಆ ಕುಕ್ಕರಿನ ಮುಚ್ಚಳದ ಮೇಲೆ ಸೇಫ್ಟಿ ವಾಲ್ವ್ ಎಂಬ ಸಣ್ಣ ಗುಂಡಿ ಇರುತ್ತದಲ್ಲ, ಅದರಿಂದ ಉಗಿ ಸುಯ್ಯೆಂದು ಸೋರತೊಡಗಿತು. ಒಳಗಿನ ಒತ್ತಡ ಮಿತಿಮೀರಿದಾಗ ತಾನು ಕರಗಿ ಉಗಿಗೆ ದಾರಿ ಬಿಡಲೆಂದೇ ಅದನ್ನು ಮೆತ್ತನೆಯ ಲೋಹದಿಂದ ಮಾಡಿರುತ್ತಾರೆ.

"ಅಂಗಡ್ಯಾಗೆ ಹೊಸದು ಸಿಗತೈತಂತ್ರಿ. ನೂರ್ಜಹಾನ್ ಮೊನ್ನೆ ಹಾಕಿಸ್ಕಂಡು ಬಂದ್ಲು" ಎಂದಳು ಹಾಲಮ್ಮ.

ಬಂಗಾರಪ್ಪ ಗುಂಡಿಯನ್ನು ಬಿಚ್ಚಿ ಉಗುರಿನಿಂದ ಒತ್ತಿ ನೋಡಿದ. "ಇದೇನು ಲೋಹನಾ ಬೆಲ್ಲನಾ? ಕಂಪನಿಯೋರು ಜನಕ್ಕೆ ಟೋಪಿ ಹಾಕಾಕೆ ಮಾಡಿರಾದು ಇದು. ತಡಿ, ನಾನೊಂದು ಹಾಕ್ತೀನಿ. ನಮ್ಮ ಮೊಮ್ಮಕ್ಕಳ ಕಾಲಕ್ಕೂ ಒಂದು ಹನಿ ಸೋರಬಾರದು."

ಮರುದಿನ ಹರಿಹರಕ್ಕೆ ಹೋಗಿ, ಕಾರ್ಖಾನೆಯಲ್ಲಿ ಜೊತೆಗಿದ್ದ ಗೆಳೆಯ ಜಮಾಲುದ್ದೀನನ, ಲೋಹ ಕಡೆಯುವ ಲೇತ್ ಅಂಗಡಿಯಲ್ಲಿ ಮಧ್ಯಾಹ್ನವಿಡೀ ನಿಂತು, ಸ್ಟೀಲಿನದೊಂದು ಬೋಲ್ಟು ತಿರುವಿಕೊಂಡು ಬಂದ. ಮೂಗುಬೊಟ್ಟಿನ ಹಾಗೆ ಹೊಳೆಯುತ್ತಿತ್ತು. ಮುಂದಿನ ಅಮಾವಾಸ್ಯೆಯ ಪಂಕ್ತಿಯಲ್ಲಿ ಆ ಮುಚ್ಚಳ ಒಬ್ಬರ ಕೈಯಿಂದ ಒಬ್ಬರ ಕೈಗೆ ದಾಟಿತು. "ಏನು ಫಿನಿಶಿಂಗು ಬಂಗಾರಪ್ಪ, ಕೈ ಇನ್ನೂ ಕೆಟ್ಟಿಲ್ಲ ನೋಡು" ಎಂದರು ಎಲ್ಲರೂ. ಸಾರಿನ ಬಗ್ಗೆ ಯಾರೂ ಏನೂ ಅನ್ನಲಿಲ್ಲ. ಎರಡೆರಡು ಸಲ ಹಾಕಿಸಿಕೊಂಡರು, ಅಷ್ಟೆ.

ಅದರ ಮುಂದಿನ ಅಮಾವಾಸ್ಯೆಗೆ ಬರುವವರು ಆರು ಜನ ಎಂದು ಹೇಳಿಹೋಗಿದ್ದ ಬಂಗಾರಪ್ಪ, ಉಕ್ಕಡಗಾತ್ರಿಯಿಂದ ಫೋನು ಮಾಡಿದ. "ಹತ್ತು ಮಂದಿ ಆಗೇವಿ. ಒಂದು ಹಿಡಿ ಹೆಚ್ಗಿ ಹಾಕು." ಹತ್ತು ಮಂದಿಗೆ ಹಿಡಿ ಎಷ್ಟಾಗುತ್ತದೆ ಎಂಬುದನ್ನು ಹೇಳಲಿಲ್ಲ, ಅಲ್ಲಿ ಗಂಟೆ ಬಾರಿಸುತ್ತಿದ್ದರು. ಹಾಲಮ್ಮ ಕುಕ್ಕರಿಗೆ ಇನ್ನಷ್ಟು ಹುರುಳಿ ಸುರಿದು, ನೀರು ಹಾಕಿ, ಮುಚ್ಚಳ ಬಿಗಿದಳು. ಹುರುಳಿ ಉಕ್ಕುವ ಕಾಳು. ಅದರ ಸಿಪ್ಪೆ ಎದ್ದು ವಿಷಲ್ಲಿನ ತೂತಿಗೆ ಅಡರಿಕೊಂಡಿತು. ರೊಟ್ಟಿ ಬಡಿಯುತ್ತಿದ್ದವಳಿಗೆ ಕುಕ್ಕರು ಕೂಗುತ್ತಿಲ್ಲವಲ್ಲ ಎನ್ನಿಸಿತು. ಒಲೆ ಆರಿಸೋಣವೆಂದು ಬಲಗೈ ಚಾಚಿದಳು. ಗುಂಡಿಯನ್ನು ಯಾವ ಕಡೆ ತಿರುಗಿಸಬೇಕು ಎಂಬುದನ್ನು ಆಗಲೂ ಮರೆತಿರಲಿಲ್ಲ.

ಮುಚ್ಚಳ ಅಟ್ಟಕ್ಕೆ ಬಡಿದು, ಕ್ಯಾಲೆಂಡರಿನ ಮೇಲಿನ ದೇವರಿಗೆ ಹುರುಳಿಯ ಅಭಿಷೇಕ ಮಾಡಿ, ನೀರಿನ ಕೊಡದ ಮೇಲೆ ಬಿತ್ತು. ಹಾಲಮ್ಮನ ಬಲಗೈ ಮೊಣಕೈಯಿಂದ ಬೆರಳ ತುದಿಯವರೆಗೆ ಬೆಂದಿತು.

ನೂರ್ಜಹಾನ್ ಕತ್ತರಿ ಹಿಡಿದುಕೊಂಡೇ ಓಡಿಬಂದು, ಕೈಯನ್ನು ನಲ್ಲಿಯ ಕೆಳಗೆ ಹಿಡಿಸಿ, ಆಟೊ ಮಾಡಿಕೊಂಡು ಆಸ್ಪತ್ರೆಗೆ ಒಯ್ದಳು. ಹಣೆಗೆ ವಿಭೂತಿ ಬಳಿದುಕೊಂಡ ಬಂಗಾರಪ್ಪ ಮಂಚದ ಬಳಿ ಬಂದು ನಿಂತು ಕೇಳಿದ ಮೊದಲ ಮಾತು: "ಎಷ್ಟು ಕಾಳು ಹಾಕಿದ್ದೆ?"

"ಮೊದ್ಲು ಕೈ ಹೆಂಗೈತೆ ಕೇಳ್ರಿ ಅಣ್ಣಾ" ಎಂದಳು ನೂರ್ಜಹಾನ್. "ಕಾಳೆಲ್ಲ ಅಟ್ಟಕ್ಕೆ ಅಂಟ್ಕಂಡಾವೆ. ಏಣಿ ಹಾಕಿ ಎಣಿಸ್ಕಳ್ರಿ."

ನೋಡಲು ಬಂದವರು ಮೂಸಂಬಿ ತಂದರು, ಬುದ್ಧಿವಾದ ತಂದರು. "ಸ್ವಲ್ಪ ನೋಡ್ಕಂಡು ಮಾಡ್ಬೇಕಿತ್ತವ್ವ." "ಅಷ್ಟ್ಯಾಕ ತುಂಬಾಕೆ ಹೋದೆ?" ಬಂಗಾರಪ್ಪ ಪ್ರತಿಯೊಬ್ಬರಿಗೂ ಕುಕ್ಕರಿನ ಅಳತೆ, ಕಾಳಿನ ಅಳತೆ ವಿವರಿಸಿ ಕೊನೆಗೆ ತಲೆಯಾಡಿಸುತ್ತಿದ್ದ. ಬೋಲ್ಟಿನ ಫಿನಿಶಿಂಗು ಹೊಗಳಿದ್ದ ಅದೇ ಜನ ಕೂತು ಹಣ್ಣು ಸುಲಿದರು. ಬೋಲ್ಟಿನ ಮಾತು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ. ಹಾಲಮ್ಮ ಪಟ್ಟಿ ಕಟ್ಟಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಎಲ್ಲ ಕೇಳಿಸಿಕೊಂಡಳು. ಕೈ ಉರಿಯುವುದಕ್ಕಿಂತ ಹೆಚ್ಚಾಗಿ ಅವಳಿಗೆ ಉರಿದದ್ದು ಆ ತಲೆಯಾಟ. ಬೇರೆ ತಪ್ಪುಗಳನ್ನು ತೊಳೆದಿಟ್ಟ ಹಾಗೆ ಇದನ್ನು ತೊಳೆದಿಡಲು ಕೈಯೇ ಇರಲಿಲ್ಲ.

ಮನೆಗೆ ಬಂದ ಮೇಲೆ ಅಡುಗೆ ಬಂಗಾರಪ್ಪನ ಕೊರಳಿಗೆ ಬಿತ್ತು. ಅದನ್ನು ಅವನು 'ಹೆಲ್ಪ್' ಎಂದು ಕರೆದ. ಅವನು ಮಾಡಿದ ಉಪ್ಪಿಟ್ಟು ಬಾಣಲೆಯ ಆಕಾರದಲ್ಲೇ ತಟ್ಟೆಗೆ ಬಿತ್ತು. ಚಾಕುವಿನಿಂದ ಕೊಯ್ದು ತಿಂದರು. ಉಪ್ಪೆಲ್ಲಿ, ಸಾಸಿವೆ ಎಲ್ಲಿ, ಒಲೆ ಯಾಕೆ ಹತ್ತುತ್ತಿಲ್ಲ ಎಂದು ಅವನು ಕೂಗುತ್ತಿದ್ದರೆ, ಹಾಲಮ್ಮ ಹೊರಗಿನಿಂದ ದಾರಿ ತೋರಿಸುತ್ತಿದ್ದಳು. "ಆ ಗುಂಡಿ ಎಡಕ್ಕೆ ತಿರುವ್ರಿ. ನೀವೇ ರಿಪೇರಿ ಮಾಡಿದ್ದಲ್ವಾ."

ರವಿಕೆಯ ಅಳತೆ ಕೊಡಲು ನೂರ್ಜಹಾನ್ ಮನೆಗೆ ಬಂದಿದ್ದ ವಕೀಲೆ ತನುಶ್ರೀ, ಈ ಕಥೆ ಕೇಳಿ ಹಾಲಮ್ಮನ ಮನೆಗೂ ಬಂದಳು. ನೂರ್ಜಹಾನಳದೂ ಅದೇ ಕಂಪನಿಯ ಕುಕ್ಕರು. ಅವಳು ತನ್ನ ಮುಚ್ಚಳವನ್ನೂ ಎತ್ತಿಕೊಂಡು ಬಂದಳು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ನೂರ್ಜಹಾನಳ ಮುಚ್ಚಳದ ಅಂಚಿನಲ್ಲಿ ಒಂದು ಸೀಳು ಇತ್ತು. ವಾಲ್ವು ಕೈಕೊಟ್ಟರೂ ರಬ್ಬರು ಆ ಸೀಳಿನಿಂದ ಹೊರಗುಬ್ಬಿ ಉಗಿಗೆ ಇನ್ನೊಂದು ದಾರಿ ಮಾಡಿಕೊಡಬೇಕು. ಹಾಲಮ್ಮನ ಮುಚ್ಚಳದಲ್ಲಿ ಅದೇ ಜಾಗದಲ್ಲಿ ಗೀರು ಮಾತ್ರ ಇತ್ತು. ಕಾರ್ಖಾನೆಯಲ್ಲಿ ಪೂರ್ತಿ ಕೊರೆಯದೆ ಬಿಟ್ಟಿದ್ದರು.

"ಆಂಟಿ, ಇದು ಕಂಪನಿ ತಪ್ಪು" ಎಂದಳು ತನುಶ್ರೀ.

ಹಾಲಮ್ಮ ನಕ್ಕುಬಿಟ್ಟಳು. ನೋಡಲು ಬಂದವರಲ್ಲಿ ಇಂಥ ಮಾತು ಆಡಿದವರು ಯಾರೂ ಇರಲಿಲ್ಲ. "ಪೂರ್ತಿ ಅವರ್ದಾ?"

"ಪೂರ್ತಿ ಅಲ್ಲ." ತನುಶ್ರೀ ಬೋಲ್ಟಿನ ತಲೆಯನ್ನು ಉಗುರಿನಿಂದ ತಟ್ಟಿದಳು. "ಇದನ್ನ ಯಾರು ಹಾಕಿದ್ದು?"

"ಯಾವ್ದು?" ಎಂದ ಬಂಗಾರಪ್ಪ, ಪೇಪರಿನಿಂದ ಕಣ್ಣು ತೆಗೆಯದೆ. ಪೇಪರು ನಿನ್ನೆಯದು.

ತನುಶ್ರೀ ಬಿಡಿಸಿ ಹೇಳಿದಳು. ವಸ್ತು ಮಾಡಿದವರ ತಪ್ಪಿನ ಜೊತೆಗೆ ಬಳಸಿದವರ ಅಜಾಗ್ರತೆಯೂ ಸೇರಿದ್ದರೆ ಗ್ರಾಹಕರ ಆಯೋಗ ಎರಡನ್ನೂ ತೂಗಿ ನೋಡುತ್ತದೆ. ಬಳಸಿದವರ ಪಾಲಿನಷ್ಟು ಪರಿಹಾರದಲ್ಲಿ ಕಳೆದು, ಉಳಿದದ್ದನ್ನು ಕಂಪನಿ ಕೊಡಬೇಕು. "ಅದಕ್ಕೇ ಬೋಲ್ಟಿನ ವಿಷ್ಯ ನಾವೇ ಮೊದ್ಲು ಹೇಳ್ಬೇಕು. ಅಂಕಲ್ ಒಂದು ಪ್ರಮಾಣಪತ್ರ ಕೊಟ್ರೆ ಸಾಕು. ಮುಚ್ಚಿಟ್ರೆ ನಮ್ಮ ನಿಜಾನೂ ನಂಬಲ್ಲ ಅವರು."

"ನಿಮ್ಮ ಆಂಟಿ ಕಾಳು ಜಾಸ್ತಿ ಹಾಕಿದ್ದು ಬರ್ಕಂಡ್ಯಾ?" ಎಂದ ಬಂಗಾರಪ್ಪ.

ಕಂಪನಿಯ ಮೇಲೂ ಕುಕ್ಕರು ಮಾರಿದ ಅಂಗಡಿಯ ಮೇಲೂ ದೂರು ದಾಖಲಾಯಿತು. ಹಾಲಮ್ಮ ಎಡಗೈ ಹೆಬ್ಬೆಟ್ಟು ಒತ್ತಲು ಒಪ್ಪದೆ, ಎಡಗೈಯಲ್ಲೇ ಒಂದನೇ ಇಯತ್ತೆಯ ಮಗುವಿನ ಹಾಗೆ ಸಹಿ ಬರೆದಳು. ಸ್ವಲ್ಪ ಕಾಲದ ಮೇಲೆ ಕಂಪನಿಯ ಉತ್ತರ ಬಂತು. ಕುಕ್ಕರಿನ ಬಿಲ್ಲು ಬಂಗಾರಪ್ಪನವರ ಹೆಸರಿನಲ್ಲಿದೆ, ಆದ್ದರಿಂದ ಹಾಲಮ್ಮ ಗ್ರಾಹಕಳೇ ಅಲ್ಲ. ಮುಚ್ಚಳಕ್ಕೆ ಹೊರಗಿನ ಬೋಲ್ಟು ಹಾಕಲಾಗಿದೆ, ಆದ್ದರಿಂದ ತಪ್ಪೆಲ್ಲ ಹಾಲಮ್ಮನದು.

ತನುಶ್ರೀ ಅದನ್ನು ಓದಿ ಹೇಳಿದಾಗ ಹಾಲಮ್ಮ, "ಅಲ್ಲವ್ವಾ, ಬಿಲ್ಲು ಬಂದ್ರೆ ಇವರ ಹೆಸ್ರು, ತಪ್ಪು ಬಂದ್ರೆ ನನ್ನ ಹೆಸ್ರಾ? ಇದನ್ನ ಬರೆದೋನಿಗೂ ಲಗ್ನ ಆಗೈತೆ ಬಿಡು" ಎಂದಳು.

ಬಂಗಾರಪ್ಪನ ಪ್ರಮಾಣಪತ್ರ ಮಾತ್ರ ಬರಲಿಲ್ಲ. ಒಂದು ಸಲ ಬಿ.ಪಿ., ಒಂದು ಸಲ ಕೊಂಡಜ್ಜಿಯಲ್ಲಿ ನೆಂಟರ ಗೃಹಪ್ರವೇಶ. ಒಂದು ಮಧ್ಯಾಹ್ನ ಹಾಲಮ್ಮ ನಿದ್ದೆಯಿಂದೆದ್ದು ಬಂದು ನೋಡಿದರೆ, ಅವನು ಮುಚ್ಚಳವನ್ನು ಮಗುವಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡು, ಸ್ಪ್ಯಾನರಿನಿಂದ ಬೋಲ್ಟು ಬಿಚ್ಚುತ್ತಿದ್ದಾನೆ.

"ಏನ್ ಮಾಡಾಕ್ಹತ್ತೀರಿ?"

"ಧೂಳು ಕೂತಿತ್ತು. ಒರಸ್ತಿದ್ದೆ."

"ಸ್ಪ್ಯಾನರಿನಾಗೆ?"

ಬಂಗಾರಪ್ಪ ಸ್ಪ್ಯಾನರನ್ನು ಪಂಚೆಯೊಳಗೆ ಸರಿಸಿದ. "ಮೂವತ್ತೆಂಟು ವರ್ಷ ಸರ್ವೀಸು ಮಾಡಿದೋನು ಕೋರ್ಟಿನಾಗೆ ನಿಂತು, ನನ್ನ ಬೋಲ್ಟಿನಿಂದ ಹಿಂಗಾತು ಅಂತ ಹೇಳಬೇಕಾ? ಹೆಂಗಸು, ಗೊತ್ತಾಗ್ದೆ ಹಾಕಿದ್ಲು ಅಂದ್ರೆ ಯಾರೂ ಏನೂ ಅನ್ನಲ್ಲ."

ಆ ಮಾತಿನಲ್ಲಿ ಕೆಟ್ಟದ್ದೇನೂ ಇಲ್ಲ ಎಂದೇ ಅವನು ತಿಳಿದಿದ್ದ. ಹಾಲಮ್ಮ ಮುಚ್ಚಳವನ್ನು ಎಡಗೈಯಲ್ಲಿ ಎತ್ತಿಕೊಂಡು ಹೋಗಿ ಅಕ್ಕಿಯ ಡಬ್ಬಿಯೊಳಗೆ ಹೂತಿಟ್ಟಳು. ಅಲ್ಲಿ ಅವನು ಎಂದೂ ಕೈ ಹಾಕಿದವನಲ್ಲ.

ಮರುದಿನ ಹರಿಹರದ ಬಸ್ಸು ಹತ್ತಿ ಜಮಾಲುದ್ದೀನನ ಅಂಗಡಿಗೆ ಹೋದಳು. ಅವನು ಮೆಷಿನ್ ನಿಲ್ಲಿಸಿ, ಕುರ್ಚಿ ಒರಸಿ ಕೂಡಿಸಿ, ಚಾ ತರಿಸಿದ.

"ಭಾಭಿ, ಅಲ್ಲಾನ ಮೇಲಾಣೆ, ನಾನು ಹೇಳಿದ್ದೆ. ಉಗಿ ಹೋಗಾಕೆ ನಡುವೆ ಒಂದು ತೂತಾದ್ರೂ ಇರ್ಲಿ ಅಂದೆ. ತೂತು ಹಾಕಿದ್ರೆ ಬೋಲ್ಟು ಯಾಕ ಅಂದ. ನನ್ನ ಮೆಷಿನಿಂದ ನನ್ನೇ ಸರಿಸಿ ತಾನೇ ತಿರುವಿದ."

"ಈಗ ನಾನೇ ಹಾಕಿದ್ದು ಅಂತ ಬರೆಸ್ತಾರಂತೆ ಅಣ್ಣಾರೆ."

ಜಮಾಲುದ್ದೀನ್ ಗಡ್ಡ ಕೆರೆದುಕೊಂಡು ಮುಸಿಮುಸಿ ನಕ್ಕ. "ನಾನು ಸಾಕ್ಷಿ ಹೇಳಾಕೆ ಬಂದ್ರೆ ದೋಸ್ತಿ ಮುರೀತೈತೆ ಭಾಭಿ, ಅವ್ನೇ ಹೇಳ್ಬೇಕು. ಆದ್ರೆ ಕೇಳಿದ್ರೆ ಬಾಯಿ ಬಿಡಲ್ಲ ಅವ್ನು. ಕಾರ್ಖಾನ್ಯಾಗೆ ಸಾಹೇಬ್ರು ಯಾರು ಕೆಡಿಸಿದ್ದು ಅಂತ ಕೇಳಿದ್ರೆ ಗೋಡೆ ನೋಡ್ತಿದ್ದ. ಇದ್ಯಾವನೋ ದಡ್ಡ ಮಾಡಿದ ಕೆಲ್ಸ ಅಂದ್ರೆ ಮಾತ್ರ ಎದ್ದು ನಿಂತು, ದಡ್ಡ ಅಲ್ಲ ಸರ್, ನಾನು ಅಂತಿದ್ದ."

ಹಾಲಮ್ಮ ಚಾ ಮುಗಿಸಿ, ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ದಾರಿಯುದ್ದಕ್ಕೂ ಈ ಮಾತನ್ನು ಅಡಿಕೆಯ ಹಾಗೆ ಬಾಯಲ್ಲಿಟ್ಟುಕೊಂಡು ಬಂದಳು.

ಆಯೋಗದ ಮುಂದೆ ಮುಚ್ಚಳ ಮೇಜಿನ ಮೇಲೆ ಕೂತಿತ್ತು, ಅಂಚಿಗೆ ಎರಡು ಅಕ್ಕಿಕಾಳು ಅಂಟಿಸಿಕೊಂಡು. ತಪಾಸಣೆಯ ವರದಿ ಬಂದಿತ್ತು: ಸೀಳು ಕೊರೆದಿಲ್ಲ, ವಾಲ್ವಿನ ಜಾಗದಲ್ಲಿ ಬೋಲ್ಟಿದೆ, ಎರಡರಲ್ಲಿ ಒಂದು ಸರಿಯಿದ್ದರೂ ಮುಚ್ಚಳ ಹಾರುತ್ತಿರಲಿಲ್ಲ. ಬಂಗಾರಪ್ಪ ಹಿಂದಿನ ಬೆಂಚಿನಲ್ಲಿ, ಕಂಬದ ಮರೆಯಲ್ಲಿ ಕೂತಿದ್ದ.

ಅಧ್ಯಕ್ಷರು ಕೇಳಿದರು, "ಈ ಬೋಲ್ಟು ನೀವು ಹಾಕಿದ್ದೇನಮ್ಮ?"

"ಇಲ್ರಿ. ನಾನು ರೊಟ್ಟಿ ಬಡಿಯಾಕಿ. ಬೋಲ್ಟು ನನ್ನ ಕೆಲ್ಸ ಅಲ್ಲ."

ಕಂಪನಿಯ ವಕೀಲರು ಎದ್ದರು. ಯಾರು ಹಾಕಿದ್ದು ಎಂದು ಹೇಳಲು ಇವರ ಬಳಿ ಒಬ್ಬ ಸಾಕ್ಷಿಯೂ ಇಲ್ಲ; ಅಡುಗೆಮನೆ ಇವರದು, ಕೈಗೆ ಸಿಕ್ಕಿದ ಯಾವುದೋ ಗುಜರಿ ಬೋಲ್ಟನ್ನು ಇವರೇ ತುರುಕಿದ್ದಾರೆ ಎಂದರು. "ಸ್ವಾಮಿ, ನೋಡಿದರೇ ತಿಳಿಯುತ್ತದೆ. ಕಸುಬು ಗೊತ್ತಿಲ್ಲದ ಕೈ ಇದು."

ಹಾಲಮ್ಮ ಸೆರಗು ಸರಿಮಾಡಿಕೊಂಡು ವಕೀಲರ ಕಡೆ ತಿರುಗಿದಳು. "ಆ ಒಂದು ಮಾತು ಖರೇ ಐತ್ರಿ. ಕಸುಬು ಗೊತ್ತಿರೋರು ಯಾರಾದ್ರೂ ಹಿಂಗೆ ಮಾಡ್ತಾರಾ?"

ಹಿಂದಿನ ಬೆಂಚು ಕಿರುಗುಟ್ಟಿತು.

"ಕೆಲಸ ಕಲಿಯೋ ಹುಡುಗರೂ ಇಷ್ಟು ಕೆಟ್ಟದಾಗಿ ಮಾಡುವುದಿಲ್ಲ" ಎಂದರು ವಕೀಲರು, ಎದುರಾಳಿಯೇ ಒಪ್ಪಿದ ಉತ್ಸಾಹದಲ್ಲಿ.

"ಸ್ವಾಮೀ." ಬಂಗಾರಪ್ಪ ಕಂಬದ ಮರೆಯಿಂದ ಹೊರಬಂದಿದ್ದ. "ಅದು ಗುಜರಿ ಬೋಲ್ಟ್ ಅಲ್ರೀ. ನಾನೇ ತಿರುವಿದ್ದು. ಹರಿಹರದಾಗೆ. ಲೆನ್ಸ್ ಹಾಕ್ಕಂಡು ಥ್ರೆಡ್ ನೋಡ್ರಿ, ಒಂದು ಕೂದಲೆಳೆ ಹೆಚ್ಚುಕಮ್ಮಿ ಇದ್ರೆ ಕೇಳ್ರಿ. ಅಷ್ಟು ದೊಡ್ಡ ಮುಚ್ಚಳ ಹಾರಿ ಅಟ್ಟಕ್ಕೆ ಬಡಿದ್ರೂ ಬೋಲ್ಟು ಅಲ್ಲಾಡಿಲ್ಲ. ಕಸುಬು ಗೊತ್ತಿಲ್ಲ ಅಂದ್ರೆ ಹೆಂಗ್ರಿ?"

ತಾನು ಏನು ಹೇಳಿದೆ ಎಂಬುದು ಬಂಗಾರಪ್ಪನಿಗೆ ತಿಳಿದದ್ದು ತನುಶ್ರೀ ಪೆನ್ನಿನ ಕ್ಯಾಪು ತೆಗೆದ ಸದ್ದಿಗೆ.

"ಅದನ್ನೇ ಬರೆದುಕೊಡಿ" ಎಂದರು ಅಧ್ಯಕ್ಷರು, ತುಟಿ ಬಿಗಿಹಿಡಿದು. ಬಂಗಾರಪ್ಪ ಬರೆದುಕೊಟ್ಟ. ಪ್ರಮಾಣಪತ್ರದಲ್ಲಿ ಬೋಲ್ಟಿನ ವರ್ಣನೆಯೇ ಹೆಚ್ಚಾಗಿತ್ತು. ತನುಶ್ರೀ ಅಷ್ಟನ್ನೂ ಹಾಗೇ ಬಿಟ್ಟಳು.

ತೀರ್ಪು ಬಂತು. ಬಿಲ್ಲು ಯಾರ ಹೆಸರಿನಲ್ಲಿದ್ದರೂ ಕುಕ್ಕರಿನಲ್ಲಿ ಅಡುಗೆ ಮಾಡುವವಳೂ ಗ್ರಾಹಕಳೇ. ಬೋಲ್ಟು ಹಾಕಿದ್ದು ಮಾರಾಟದ ನಂತರವಾದ್ದರಿಂದ ಅಂಗಡಿಯವರನ್ನು ಬಿಡಲಾಗಿದೆ. ಸೀಳು ಕೊರೆಯದೆ ಮಾರಿದ ಕಂಪನಿಯದು ಮುಕ್ಕಾಲು ಪಾಲು ತಪ್ಪು. ವಾಲ್ವು ತೆಗೆದು ಬೋಲ್ಟು ಹಾಕಿದ್ದಕ್ಕೆ ಮತ್ತು ಅಳತೆ ಮೀರಿ ತುಂಬಿದ್ದಕ್ಕೆ ಮನೆಯವರದು ಕಾಲು ಪಾಲು. ಅಷ್ಟನ್ನು ಪರಿಹಾರದಲ್ಲಿ ಕಳೆಯಲಾಗಿದೆ.

ತನುಶ್ರೀ ಓದಿ ಮುಗಿಸಿದ ಮೇಲೆ ಹಾಲಮ್ಮ ಕೇಳಿದಳು, "ಆ ಕಾಲು ಪಾಲಿನಾಗೆ ನಂದೆಷ್ಟು?"

"ಅಷ್ಟು ಸಣ್ಣಗೆ ಹೆಚ್ಚಲ್ಲ ಆಂಟಿ ಅವರು. ಒಟ್ಟಿಗೆ ಮನೇದು ಅಂತ."

"ಅಂದ್ರೆ ನನ್ನ ಕೈಯಿಂದು ಕಾಲು ಭಾಗ ಇವರ ಬೋಲ್ಟಿಗೆ ಹೋತು."

"ಹತ್ತು ಮಂದೀದು ಕಾಳೂ ಐತೆ ಅದ್ರಾಗೆ" ಎಂದ ಬಂಗಾರಪ್ಪ.

"ಆ ಹತ್ತು ಮಂದೀನ ಕರೆದೋರು ಯಾರ್ರಿ?"

ಬಂಗಾರಪ್ಪ ಪೇಪರು ಹುಡುಕಿದ. ಇವತ್ತಿನದು ಸಿಗಲಿಲ್ಲ.

ಹಾಲಮ್ಮ ದನಿ ಏರಿಸಲಿಲ್ಲ. ಕಲೆ ಉಳಿದ ಬಲಗೈಯನ್ನು ತೊಡೆಯ ಮೇಲೆ ಚಾಚಿ, ನಿಧಾನವಾಗಿ ಹೇಳಿದಳು. "ಕಂಪನಿ ಅದ್ರ ಪಾಲು ಕೊಟ್ಟೈತೆ. ಮನೆ ಪಾಲು ಉಳಿದೈತೆ. ಬೆಳಗಿಂದು ತಿಂಡಿ, ಮಧ್ಯಾಹ್ನದ ಊಟ, ಸಂಜೆ ಚಾ, ರಾತ್ರಿ ಊಟ. ನಾಕರಾಗೆ ಒಂದು ನಿಮ್ದು."

"ಆತು, ಚಾ ನಂದು" ಎಂದ ಅವನು ತಟಕ್ಕನೆ.

"ಮಧ್ಯಾಹ್ನದ ಊಟ. ಅಮಾವಾಸಿ ಹಿಡ್ದು. ಪಾತ್ರೆ ತೊಳಿಯಾದೂ ಸೇರಿ."

"ಇದು ತೀರ್ಪಿನಾಗೆ ಎಲ್ಲೈತೆ?"

"ಮೇಲಿನ ಕೋರ್ಟಿಗೆ ಹೋಗ್ರಿ" ಎಂದು ಗೋಡೆಯಾಚೆಯಿಂದ ನೂರ್ಜಹಾನಳ ದನಿ ಬಂತು, ಹೊಲಿಗೆ ಮೆಷಿನ್ ನಿಲ್ಲಿಸಿ.

ಮುಂದಿನ ಅಮಾವಾಸ್ಯೆಗೆ ಉಕ್ಕಡಗಾತ್ರಿಯಿಂದ ಬಂದವರು ಆರೇ ಜನ. ಬಂಗಾರಪ್ಪ ಆ ಸಲ ಅಜ್ಜಯ್ಯನಿಗೆ ಮನೆಯಿಂದಲೇ ಕೈಮುಗಿದು, ಹೊಸ ಕುಕ್ಕರಿನ ಮುಂದೆ ಕೈಕಟ್ಟಿ ನಿಂತಿದ್ದ. ವಾಲ್ವು ಅಂಗಡಿಯದೇ, ಮೆತ್ತನೆಯದೇ. ಕೂಗು ಬಂದಾಗಲೆಲ್ಲ ಒಂದು ಹೆಜ್ಜೆ ಹಿಂದೆ ಸರಿದು, ಮತ್ತೆ ಒಂದು ಹೆಜ್ಜೆ ಮುಂದೆ ಬರುತ್ತಿದ್ದ. ರೊಟ್ಟಿ ಅಂಗಡಿಯಿಂದ ತರಿಸಿದ್ದ. ಅದನ್ನು ಹಾಲಮ್ಮ ನೋಡಿಯೂ ನೋಡದ ಹಾಗಿದ್ದಳು. ಅವಳು ಪಂಕ್ತಿಯ ಮೊದಲಲ್ಲಿ, ಗೋಡೆಗೆ ಒರಗಿ ಕೂತಿದ್ದಳು. ಹರಿಹರದಿಂದ ಊಟಕ್ಕೆಂದೇ ಬಂದಿದ್ದ ಜಮಾಲುದ್ದೀನ್ ಪಕ್ಕದಲ್ಲಿದ್ದ.

ಒಬ್ಬ ಗೆಳೆಯ ಮೊದಲ ತುತ್ತು ಬಾಯಿಗಿಟ್ಟು, ಮುಖ ಕಿವುಚಿ, ಹಳೆಯ ರೂಢಿಯಂತೆ ಹಾಲಮ್ಮನ ಕಡೆ ತಿರುಗಿದ. "ಏನಕ್ಕಾ ಇದು, ಸಾರು ತಳ ಹತ್ತೈತಲ್ಲ?"

ಹಾಲಮ್ಮ ತಲೆಯೆತ್ತಲಿಲ್ಲ. "ಒಳಗೆ ಕೇಳಪ್ಪಾ. ಮಾಡಿದೋರು ಅಲ್ಲಿ ಅದಾರೆ."

"ಕುಕ್ಕರಿಂದು ತಳ ತೆಳ್ಳಗೈತೆ" ಎಂದು ಒಳಗಿನಿಂದ ಬಂಗಾರಪ್ಪ ಕೂಗಿದ. "ಅದು ಕಂಪನಿ ತಪ್ಪು."

"ಎಷ್ಟು ಪಾಲು?" ಎಂದಳು ಹಾಲಮ್ಮ.

ಒಳಗೆ ಸೌಟಿನ ಸದ್ದು ನಿಂತಿತು. ಜಮಾಲುದ್ದೀನ್ ನಗು ತಡೆಯಲು ನೀರು ಕುಡಿದ. ಬಂಗಾರಪ್ಪ ಬಾಗಿಲಿಗೆ ಬಂದ. ಕನ್ನಡಕದ ತುಂಬ ಉಗಿ, ಹೆಗಲ ಮೇಲೆ ಹಾಲಮ್ಮನ ಮಸಿಬಟ್ಟೆ. ಅವನು ಅವಳ ಕೈಯ ಕಲೆಯ ಕಡೆ ಒಂದು ಕ್ಷಣ ನೋಡಿದ.

"ಕಾಲು ಪಾಲು ಕಂಪನೀದು" ಎಂದ. "ಮುಕ್ಕಾಲು ನಂದೇ ಇರ್ಬೇಕು. ಸಾರು ಕುದಿಯಾವಾಗ ಫೋನ್ ನೋಡ್ತಾ ನಿಂತಿದ್ದೆ."

ಹಾಲಮ್ಮ ತಟ್ಟೆ ಮುಂದೆ ಸರಿಸಿದಳು. "ಇನ್ನೊಂದು ಸೌಟು ಹಾಕ್ರಿ. ಹತ್ತಿದ ವಾಸನೆ ನಂಗೇನೂ ಹೊಸದಲ್ಲ."